ಕುಲಪತಿ ಕುರ್ಚಿಗೆ ಒಂದಾದವರು ವಿದ್ಯಾರ್ಥಿಗಾಗಿಯೂ ಒಂದಾಗಲಿ

(ಶಿವಮೊಗ್ಗ ಮತ್ತು ಭದ್ರಾವತಿಯ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಶಿವಮೊಗ್ಗದ ಕಾಲೇಜುಗಳಿಂದ ಬಂದಿದ್ದೀರಿ. ಭದ್ರಾವತಿಯ ನ್ಯೂಟೌನಿನಿಂದ, ಪೇಪರ್‌ಟೌನಿನಿಂದ ಬಂದಿದ್ದೀರಿ. ಶಂಕರಘಟ್ಟದ ಹಾಸ್ಟೆಲುಗಳಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ. ಹಲವರಿಗೆ ಪರೀಕ್ಷೆ ಹತ್ತಿರವಿದೆ. ಆದ್ದರಿಂದ ಹಾರ ತುರಾಯಿ, ಹೊಗಳಿಕೆ ಎಲ್ಲ ಬದಿಗಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

2025ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಒಂದು ಅಪರೂಪದ ಸಭೆ ನಡೆಯಿತು. ಕರೆದದ್ದು ಕರ್ನಾಟಕ. ಬಂದದ್ದು ತಮಿಳುನಾಡು, ಕೇರಳ, ತೆಲಂಗಾಣ, ಹಿಮಾಚಲ ಪ್ರದೇಶ, ಜಾರ್ಖಂಡ್. ಉನ್ನತ ಶಿಕ್ಷಣ ಮಂತ್ರಿಗಳು ಕೂತು 15 ಅಂಶಗಳ ನಿರ್ಣಯ ಮಾಡಿದರು. ಅದೇ ತಿಂಗಳು ಕೇರಳ ತಿರುವನಂತಪುರದಲ್ಲಿ ಇಂಥದ್ದೇ ಇನ್ನೊಂದು ಸಭೆ ಕರೆಯಿತು. ಕಾವೇರಿ ಎಂದರೆ ಮುಖ ತಿರುಗಿಸುವ ಕರ್ನಾಟಕ, ತಮಿಳುನಾಡು ಈ ಒಂದು ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡಿದವು.

ಯಾಕೆ? ಆ ವರ್ಷದ ಜನವರಿಯಲ್ಲಿ ಯು.ಜಿ.ಸಿ. ಒಂದು ಕರಡು ನಿಯಮಾವಳಿ ಹೊರಡಿಸಿತ್ತು. ಕುಲಪತಿಯನ್ನು ಹುಡುಕುವ ಸಮಿತಿಯಲ್ಲಿ ಕುಲಾಧಿಪತಿಯ ಅಂದರೆ ರಾಜ್ಯಪಾಲರ ಪ್ರತಿನಿಧಿ ಇರುತ್ತಾರೆ, ಯು.ಜಿ.ಸಿ.ಯ ಪ್ರತಿನಿಧಿ ಇರುತ್ತಾರೆ, ವಿಶ್ವವಿದ್ಯಾಲಯದ ಪ್ರತಿನಿಧಿ ಇರುತ್ತಾರೆ. ಜಾಗ ಕೊಟ್ಟ, ಕಟ್ಟಡ ಕಟ್ಟಿದ, ಮೇಷ್ಟ್ರುಗಳಿಗೆ ಸಂಬಳ ಕೊಡುವ ರಾಜ್ಯ ಸರ್ಕಾರಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ! ಊಟ ಹಾಕಿಸಿದವನನ್ನೇ ಪಂಕ್ತಿಯಿಂದ ಎಬ್ಬಿಸಿದ ಹಾಗೆ. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಸಂವಿಧಾನದ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸಾಗಿಸಿತು. ಅಂದಿನಿಂದ ನಮ್ಮ ಮನೆಯ ಬೀಗದ ಕೈ ಒಂದೊಂದಾಗಿ ದೆಹಲಿಯ ಕಡೆ ಹೋಗುತ್ತಲೇ ಇದೆ. ಅದಕ್ಕೆ ರಾಜ್ಯಗಳು ಒಟ್ಟಾಗಿ 'ಬೇಡ' ಎಂದದ್ದು ಸರಿಯಾದ ಹೋರಾಟ. ಅದರಲ್ಲಿ ಎರಡು ಮಾತಿಲ್ಲ.

ನನ್ನ ಪ್ರಶ್ನೆ ಅದರ ಮುಂದಿನದು. ಕುಲಪತಿಯ ಕುರ್ಚಿಗಾಗಿ ಇಷ್ಟು ರಾಜ್ಯಗಳು ಒಂದೇ ಮೇಜಿಗೆ ಬರಬಹುದಾದರೆ, ಆ ಕುಲಪತಿಯ ಹಾಸ್ಟೆಲಿನಲ್ಲಿ ರಾತ್ರಿ ನಿದ್ದೆ ಬಾರದೆ ಹೊರಳಾಡುವ ಹುಡುಗನಿಗಾಗಿ ಯಾಕೆ ಬರಬಾರದು?

ಕಾಲೇಜು ಹೆಚ್ಚು, ವಿದ್ಯಾರ್ಥಿ ಕಡಿಮೆ

ಮೊದಲು ನಮ್ಮ ಮನೆಯ ಲೆಕ್ಕ ನೋಡಿಕೊಳ್ಳೋಣ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ 2021-22ರ ಪ್ರಕಾರ 18ರಿಂದ 23 ವಯಸ್ಸಿನ ಒಂದು ಲಕ್ಷ ಮಂದಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ. ದೇಶಕ್ಕೇ ಮೊದಲು. ಚಪ್ಪಾಳೆ ತಟ್ಟಬೇಡಿ, ಎರಡನೇ ಲೆಕ್ಕವನ್ನೂ ಕೇಳಿ. ಆ ವಯಸ್ಸಿನ ಜನಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ ತಮಿಳುನಾಡಿನಲ್ಲಿ 47. ಕೇರಳದಲ್ಲಿ 41.3. ತೆಲಂಗಾಣದಲ್ಲಿ 40. ಆಂಧ್ರದಲ್ಲಿ 36.5. ನಮ್ಮಲ್ಲಿ 36.2. ದೇಶದ ಸರಾಸರಿ 28.4ಕ್ಕಿಂತ ಮೇಲಿದ್ದೇವೆ, ನಿಜ. ಆದರೆ ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯವರು ನಾವೇ.

ಬೋರ್ಡು ಹೆಚ್ಚಾದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ತಮಿಳುನಾಡು ಹಳ್ಳಿಯ ಹುಡುಗಿಯರನ್ನು ಕಾಲೇಜಿಗೆ ಹೇಗೆ ಕರೆತಂದಿತು, ಕೇರಳ ಅವರನ್ನು ಹೇಗೆ ಉಳಿಸಿಕೊಂಡಿತು ಎಂದು ನಾವು ಕೇಳಿ ಕಲಿಯಬೇಕು. ನಮ್ಮಲ್ಲಿರುವುದನ್ನು ಅವರಿಗೂ ಹೇಳಬೇಕು. ನೆರೆಯವರಿಂದ ಕಲಿತರೆ ಕನ್ನಡದ ಮಾನವೇನೂ ಹೋಗುವುದಿಲ್ಲ.

ನಮ್ಮ ಜಿಲ್ಲೆಯನ್ನೇ ನೋಡಿ. 1987ರವರೆಗೆ ಇಲ್ಲಿಯ ಹುಡುಗರು ಮೈಸೂರು ವಿಶ್ವವಿದ್ಯಾಲಯದ ಕಡೆ ಮುಖ ಮಾಡಿಕೊಂಡಿದ್ದರು. ಆ ವರ್ಷ ಶಂಕರಘಟ್ಟದ ಕಾಡಿನ ಅಂಚಿನಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿತು. ಹೆಸರು ಯಾರದ್ದು ಎಂಬುದನ್ನು ಗಮನಿಸಿ. 1956ರಿಂದ 1960ರವರೆಗೆ ಮೈಸೂರಿನಲ್ಲಿ ಕುಲಪತಿಯಾಗಿದ್ದು, ಮಾನಸ ಗಂಗೋತ್ರಿಯನ್ನು ಕಟ್ಟಿ, ಕಾಲೇಜಿನ ಪಾಠ ಕನ್ನಡದಲ್ಲಿ ಆಗಬೇಕೆಂದು ಹಟ ಹಿಡಿದವರ ಹೆಸರು. ಆ ಹೆಸರಿನ ವಿಶ್ವವಿದ್ಯಾಲಯಕ್ಕೆ ಸಾಗರ, ಸೊರಬ, ಹೊಸನಗರದ ಕನ್ನಡ ಶಾಲೆಗಳಿಂದ ಮಕ್ಕಳು ಬರುತ್ತಾರೆ. ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಪಿ.ಯು.ಸಿ.ಗೆ ಕಾಲಿಟ್ಟ ದಿನವೇ ಭೌತಶಾಸ್ತ್ರ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ನಿನ್ನೆಯವರೆಗೆ ತರಗತಿಗೆ ಮೊದಲಿಗನಾಗಿದ್ದವನು ಇವತ್ತು ಕೊನೆಯ ಬೆಂಚಿಗೆ ಸರಿಯುತ್ತಾನೆ. ಬುದ್ಧಿ ಅದೇ ಇದೆ, ಬಾಯಿ ಕಟ್ಟಿಹೋಗಿದೆ. ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾನೆ, ತರಗತಿಗೆ ಬರುವುದನ್ನು ನಿಲ್ಲಿಸುತ್ತಾನೆ, ಕೊನೆಗೆ ಊರಿಗೆ ಫೋನು ಮಾಡುವುದನ್ನೂ ನಿಲ್ಲಿಸುತ್ತಾನೆ. ಇದು ಮನಸ್ಸಿನ ಪ್ರಶ್ನೆಯೂ ಹೌದು, ಭಾಷೆಯ ಪ್ರಶ್ನೆಯೂ ಹೌದು. ಎರಡನ್ನೂ ಬೇರೆ ಬೇರೆ ಇಲಾಖೆಯ ಫೈಲಿನಲ್ಲಿ ಇಟ್ಟವರಿಗೆ ಇದು ಕಾಣುವುದಿಲ್ಲ.

'ಸಾಕಾಗಿ ಹೋಗಿದೆ' ಎಂದರೆ ಏನು?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೊಟ್ಟ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ದಿನಕ್ಕೆ 35ಕ್ಕೂ ಹೆಚ್ಚು. ಒಂದು ತರಗತಿಯ ಅರ್ಧದಷ್ಟು ಮಕ್ಕಳು, ಪ್ರತಿದಿನ. ಇದು ಯಾವುದೋ ದೂರದ ಕೋಟಾ ನಗರದ ಸುದ್ದಿ ಎಂದು ಪುಟ ತಿರುಗಿಸಬೇಡಿ.

ಸುಪ್ರೀಂ ಕೋರ್ಟು ಕೊನೆಗೂ ಎಚ್ಚರಿಸಿತು. 2025ರ ಮಾರ್ಚಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ಕಾರ್ಯಪಡೆ ನೇಮಿಸಿತು. ಜುಲೈ 25ರಂದು, ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ, ಇಡೀ ದೇಶಕ್ಕೆ 15 ಮಾರ್ಗಸೂಚಿ ಕೊಟ್ಟಿತು. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ತರಬೇತಿ ಪಡೆದ ಆಪ್ತ ಸಮಾಲೋಚಕರನ್ನು ನೇಮಿಸಬೇಕು. ಸಹಾಯವಾಣಿಯ ನಂಬರು ಹಾಸ್ಟೆಲಿನಲ್ಲಿ, ತರಗತಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಆಗಬೇಕು. ಉಸ್ತುವಾರಿಗೆ ಜಿಲ್ಲಾ ಮಟ್ಟದಲ್ಲಿ ಸಮಿತಿ ಇರಬೇಕು. ಒಳ್ಳೆಯದೇ. ಆದರೆ ನಾನು ಕೇಳುತ್ತೇನೆ: ಆ ಸಮಾಲೋಚಕರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ಆ ದೊಡ್ಡ ಅಕ್ಷರ ಯಾವ ಲಿಪಿಯದು?

ಇದು ಸಣ್ಣ ಪ್ರಶ್ನೆಯಲ್ಲ. ಮಲೆನಾಡಿನ ಹುಡುಗ 'ನನಗೆ ಖಿನ್ನತೆ' ಎಂದು ಬಂದು ಕೂರುವುದಿಲ್ಲ. 'ಯಾಕೋ ಬೇಜಾರು ಸಾರ್' ಅನ್ನುತ್ತಾನೆ. 'ಎದೆ ಭಾರ' ಅನ್ನುತ್ತಾನೆ. 'ಊಟ ಸೇರ್ತಿಲ್ಲ' ಅನ್ನುತ್ತಾನೆ. 'ಸಾಕಾಗಿ ಹೋಗಿದೆ' ಅನ್ನುತ್ತಾನೆ. ಈ ಕಡೆಯ ಮಾತನ್ನು ಬಸ್ಸಿನಲ್ಲಿ ನಿಂತು ಬಂದು ದಣಿದವನೂ ಹೇಳುತ್ತಾನೆ, ಬದುಕೇ ಬೇಡವಾದವನೂ ಹೇಳುತ್ತಾನೆ. ಯಾವುದು ಯಾವುದೆಂದು ದನಿಯಲ್ಲೇ ಗುರುತಿಸಬೇಕು. ಕನ್ನಡ ಬಾರದ ಸಮಾಲೋಚಕರು ಎಷ್ಟೇ ಓದಿದ್ದರೂ ಅದನ್ನು ಹೇಗೆ ಗುರುತಿಸಿಯಾರು? ಮನಸ್ಸಿನ ರೋಗಕ್ಕೆ ಎಕ್ಸರೇ ಇಲ್ಲ ಸ್ವಾಮಿ, ಮಾತೇ ಎಕ್ಸರೇ.

ಈ ಸತ್ಯವನ್ನು ಚೆನ್ನಾಗಿ ಬಲ್ಲವರು ನಮ್ಮ ಶಿವಮೊಗ್ಗದಲ್ಲೇ ಇದ್ದರು. ಮನೋವೈದ್ಯ ಡಾ. ಅಶೋಕ್ ಪೈ, 2016ರಲ್ಲಿ ತೀರಿಕೊಂಡರು. ಮನಸ್ಸಿನ ವಿಷಯವನ್ನು ಅವರು ಜನಕ್ಕೆ ತಿಳಿಯುವ ಕನ್ನಡದಲ್ಲಿ ಬರೆದರು. ಲೇಖನ ಸಾಲದೆಂದು ಸಿನಿಮಾಕ್ಕೂ ಕೈ ಹಾಕಿದರು. 1988ರ 'ಕಾಡಿನ ಬೆಂಕಿ' ಮನಸ್ಸಿನ ಒಳಗಿನ ಗಾಯವನ್ನು ಕನ್ನಡದ ಪರದೆಯ ಮೇಲೆ ತಂದಿತು. ಹುಚ್ಚು, ದೆವ್ವ, ಮಾಟ ಎಂಬ ಮಾತುಗಳ ಜಾಗದಲ್ಲಿ ಚಿಕಿತ್ಸೆ ಎಂಬ ಮಾತು ಕೂರಬೇಕಾದರೆ ಅದು ಜನರ ನುಡಿಯಲ್ಲೇ ಆಗಬೇಕು ಎಂಬುದಕ್ಕೆ ಅವರ ಕೆಲಸವೇ ಸಾಕ್ಷಿ.

ಭದ್ರಾವತಿ ಹೇಳುವ ಪಾಠ

ಈಗ ಸ್ವಲ್ಪ ಹೊಳೆಯ ಆಚೆ ಬನ್ನಿ. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಮುಂದೆ 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿಕೊಂಡು ತಮಿಳರು ಬಂದರು, ತೆಲುಗರು ಬಂದರು, ಮಲೆಯಾಳಿಗಳು ಬಂದರು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಕನ್ನಡ ಕಲಿತರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಗೆಳೆಯನ ಮನೆಯಲ್ಲಿ ಉರ್ದು. ಈ ಊರಿನ ಹುಡುಗರಿಗೆ ಯಾವ ಮಂತ್ರಿಯೂ ಬಂದು 'ಪ್ರಾದೇಶಿಕ ಸಹಕಾರ' ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ಊರು ಇನ್ನೊಂದು ಪಾಠವನ್ನೂ ಹೇಳುತ್ತದೆ. ಕಾಗದದ ಕಾರ್ಖಾನೆ ಸುಮಾರು ಹತ್ತು ವರ್ಷದ ಹಿಂದೆಯೇ ಕೆಲಸ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದಾಗ ಇಡೀ ಊರು ಬೀದಿಗಿಳಿಯಿತು. ಅಪ್ಪನ ಕೆಲಸ ಹೋದ ಮನೆಯಲ್ಲಿ ಮಗನ ಓದಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಇಲ್ಲಿ ಕೂತ ಎಷ್ಟೋ ಮಂದಿ ನನಗಿಂತ ಚೆನ್ನಾಗಿ ಬಲ್ಲಿರಿ. ಕೆಲಸಕ್ಕಾಗಿ ಅಂದು ಬೇರೆ ರಾಜ್ಯದವರು ಭದ್ರಾವತಿಗೆ ಬಂದರು. ಇಂದು ಭದ್ರಾವತಿಯ ಮಕ್ಕಳು ಓದಿಗೆ, ಕೆಲಸಕ್ಕೆ ಚೆನ್ನೈ, ಹೈದರಾಬಾದ್, ಕೊಚ್ಚಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರ ಮಾತು ಕೇಳುವವರು ಯಾರು?

ಹಿಂದೆ ಕೈಜೋಡಿಸಿಲ್ಲವೇ?

'ರಾಜ್ಯ ರಾಜ್ಯಗಳು ಸೇರಿ ಸಂಸ್ಥೆ ನಡೆಸುವುದು ಆಗದ ಮಾತು' ಎನ್ನುವವರಿಗೆ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಬೆಂಗಳೂರಿನಲ್ಲೇ ಇದೆ. 1963ರಲ್ಲಿ ದಕ್ಷಿಣದ ರಾಜ್ಯಗಳು ಸೇರಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಕಟ್ಟಿದವು. ಶಾಲೆಯ ಮೇಷ್ಟ್ರುಗಳಿಗೆ ಇಂಗ್ಲಿಷ್ ಕಲಿಸುವ ತರಬೇತಿ ಅದರ ಕೆಲಸ. ನೋಡಿದಿರಾ? ಇಂಗ್ಲಿಷಿಗಾಗಿ ನಾವೆಲ್ಲ ಅರವತ್ತು ವರ್ಷಗಳ ಹಿಂದೆಯೇ ಒಂದಾದೆವು! ಆ ಸಂಸ್ಥೆಯ ಮೇಲೆ ನನಗೆ ಸಿಟ್ಟಿಲ್ಲ. ಇಂಗ್ಲಿಷಿಗೆ ಆದದ್ದು ನಮ್ಮ ನುಡಿಗಳಿಗೆ ಯಾಕಾಗಬಾರದು ಎಂಬುದಷ್ಟೇ ನನ್ನ ಪ್ರಶ್ನೆ.

ಎರಡನೆಯದು ಕುಪ್ಪಂ. ಆಂಧ್ರ, ಕರ್ನಾಟಕ, ತಮಿಳುನಾಡು ಕೂಡುವ ಮೂಲೆಯಲ್ಲಿ 1997ರಲ್ಲಿ ಆಂಧ್ರ ಸರ್ಕಾರ ಕಾಯ್ದೆ ಮಾಡಿ, ನೆರೆಯ ರಾಜ್ಯಗಳ ಬೆಂಬಲದಿಂದ ದ್ರಾವಿಡ ವಿಶ್ವವಿದ್ಯಾಲಯ ತೆರೆಯಿತು. ತೆಲುಗು, ತಮಿಳು, ಕನ್ನಡ ಒಂದೇ ಆವರಣದಲ್ಲಿ ಕಲಿಯಬಹುದೆಂಬ ಕನಸು ಅದು. ನಮ್ಮ ಎಷ್ಟು ಹುಡುಗರಿಗೆ ಆ ಹೆಸರು ಗೊತ್ತು? ಎಷ್ಟು ಮಂದಿ ಶಾಸಕರಿಗೆ ಗೊತ್ತು? ಸಂಸ್ಥೆ ಕಟ್ಟಿ ಮರೆತುಬಿಡುವುದು ನಮ್ಮ ಹಳೆಯ ರೋಗ.

ಮೂರನೆಯದು ಮನಸ್ಸಿನ ಆರೋಗ್ಯದ್ದೇ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಮನೋವೈದ್ಯರಿಗಾಗಿ ಕಾಯುತ್ತಾ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅಂದರೆ ಕನ್ನಡದ ನೆಲದಲ್ಲಿ, ಕನ್ನಡದ ಜನರ ನಡುವೆ ಹುಟ್ಟಿದ್ದು ಎಲ್ಲ ರಾಜ್ಯಗಳಿಗೂ ದಾರಿ ತೋರಿಸಿತು. ಇಂದು ಟೆಲಿ ಮನಸ್ ಎಂಬ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಅದರ ಮುಖ್ಯ ಕೇಂದ್ರವೂ ನಿಮ್ಹಾನ್ಸೇ. ನಂಬರು 14416. ಬರೆದುಕೊಳ್ಳಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೂ ಮಾತಾಡಬಹುದು.

ಹೊರಗಿನ ಉದಾಹರಣೆಯೂ ಬೇಕೆ? ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಅದೇ 1987ರಲ್ಲಿ ಯುರೋಪಿನ 11 ದೇಶಗಳು 'ಎರಾಸ್ಮಸ್' ಎಂಬ ಯೋಜನೆ ಶುರು ಮಾಡಿದವು. ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದಲ್ಲಿ ಕೆಲವು ತಿಂಗಳು ಓದಿ ಬರಬಹುದು, ಆ ಓದು ಊರಿನ ಪದವಿಗೆ ಲೆಕ್ಕಕ್ಕೆ ಬರುತ್ತದೆ. ಮೊದಲ ವರ್ಷ ಹೋದವರು 3,244 ಮಂದಿ. ಈಗ ಅದು ಲಕ್ಷಾಂತರ ಜನರ ಯೋಜನೆ. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಸುಟ್ಟುಕೊಂಡ ದೇಶಗಳು ಇಷ್ಟು ಮಾಡಿದವು. ಒಂದೇ ಸಂವಿಧಾನದ ಕೆಳಗಿರುವ ನಮಗೆ ಏನು ದಾಡಿ?

ನಮ್ಮ ಐದು ಬೇಡಿಕೆ

ಕೇಂದ್ರದ 'ಏಕ್ ಭಾರತ್ ಶ್ರೇಷ್ಠ ಭಾರತ್' ಯೋಜನೆಯಲ್ಲಿ ಕರ್ನಾಟಕಕ್ಕೆ ಜೋಡಿ ಉತ್ತರಾಖಂಡ. ಉತ್ತರಾಖಂಡದ ಗೆಳೆತನ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಮಕ್ಕಳು ದಿನಾ ಗಡಿ ದಾಟುವುದು ಕಾಸರಗೋಡಿನಲ್ಲಿ, ಹೊಸೂರಿನಲ್ಲಿ, ಸೊಲ್ಲಾಪುರದಲ್ಲಿ. ಸಹಕಾರ ಅಲ್ಲಿಂದ ಶುರುವಾಗಲಿ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಡಿ ದಕ್ಷಿಣ ವಲಯ ಮಂಡಳಿ ಎಂಬುದೊಂದಿದೆ. ಭಾಷಾ ಅಲ್ಪಸಂಖ್ಯಾತರ ವಿಷಯ ಚರ್ಚಿಸಲು ಅದಕ್ಕೆ ಆ ಕಾಯ್ದೆಯಲ್ಲೇ ಅಧಿಕಾರವಿದೆ. ಮಂತ್ರಿಗಳ ಸಭೆಯಾಗಲಿ, ಈ ಮಂಡಳಿಯಾಗಲಿ, ಮುಂದಿನ ಬಾರಿ ಸೇರಿದಾಗ ಈ ಐದನ್ನು ಮೇಜಿನ ಮೇಲೆ ಇಡಲಿ.

ಒಂದು: ದಕ್ಷಿಣದ ಪ್ರತಿಯೊಂದು ವಿಶ್ವವಿದ್ಯಾಲಯದಲ್ಲಿ ಆ ರಾಜ್ಯದ ನುಡಿಯಲ್ಲಿ ಮಾತಾಡುವ ಆಪ್ತ ಸಮಾಲೋಚಕರು ಇರಲೇಬೇಕು. ನೆರೆ ರಾಜ್ಯದಿಂದ ಬಂದ ವಿದ್ಯಾರ್ಥಿಗೆ ಅವನ ನುಡಿಯ ಸಮಾಲೋಚಕರು ಫೋನಿನಲ್ಲಾದರೂ ಸಿಗಬೇಕು. ಕೇರಳದಲ್ಲಿ ಕನ್ನಡದ ಹುಡುಗಿಗೆ ಕನ್ನಡ, ಶಿವಮೊಗ್ಗದಲ್ಲಿ ಮಲೆಯಾಳಿ ಹುಡುಗಿಗೆ ಮಲೆಯಾಳ.

ಎರಡು: ಸಮಾಲೋಚಕರ ತರಬೇತಿ ನಮ್ಮ ನುಡಿಗಳಲ್ಲಿ ಆಗಲಿ. ನಿಮ್ಹಾನ್ಸ್ ನಮ್ಮಲ್ಲೇ ಇದೆ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ, ದಕ್ಷಿಣದ ನುಡಿಗಳನ್ನು ಹೊರಗಿನವರಿಗೆ ಕಲಿಸುವ ಕೇಂದ್ರವೂ ಅದರ ಆವರಣದಲ್ಲಿದೆ. ಇವೆರಡೂ ಕೂತು ಕನ್ನಡ, ತಮಿಳು, ತೆಲುಗು, ಮಲೆಯಾಳದಲ್ಲಿ ಪಠ್ಯ ಮಾಡಲಿ.

ಮೂರು: ಗಡಿನಾಡಿನ ವಿದ್ಯಾರ್ಥಿಗೆ ಎರಡೂ ಕಡೆ ಬಾಗಿಲು ತೆರೆಯಲಿ. ಕಾಸರಗೋಡು, ಜತ್ತ, ಅಕ್ಕಲಕೋಟೆಯ ಕನ್ನಡದ ಮಕ್ಕಳಿಗೆ ನಮ್ಮ ಸಿ.ಇ.ಟಿ.ಯಲ್ಲಿ 'ಗಡಿನಾಡ ಕನ್ನಡಿಗ' ಎಂಬ ಅವಕಾಶ ಇದೆ. ಅದು ವೃತ್ತಿ ಶಿಕ್ಷಣಕ್ಕೆ ನಿಲ್ಲದೆ ಎಲ್ಲ ಪದವಿಗಳಿಗೂ, ಹಾಸ್ಟೆಲಿಗೂ, ವಿದ್ಯಾರ್ಥಿವೇತನಕ್ಕೂ ಬರಲಿ. ಆ ರಾಜ್ಯಗಳೂ ತಮ್ಮ ಕಾಲೇಜುಗಳ ಕನ್ನಡ ವಿಭಾಗಗಳನ್ನು ಬರಿದಾಗಲು ಬಿಡದಿರಲಿ.

ನಾಲ್ಕು: ಪಠ್ಯಪುಸ್ತಕ, ಪಾರಿಭಾಷಿಕ ಪದಗಳ ಕೆಲಸವನ್ನು ಹಂಚಿಕೊಳ್ಳಲಿ. ಕೊಠಾರಿ ಆಯೋಗ 1966ರಲ್ಲೇ ಹತ್ತು ವರ್ಷದೊಳಗೆ ವಿಶ್ವವಿದ್ಯಾಲಯದ ಪಾಠ ಪ್ರಾದೇಶಿಕ ಭಾಷೆಗೆ ಬರಬೇಕೆಂದಿತು. ಹತ್ತು ವರ್ಷ ಆರು ಸಲ ಉರುಳುತ್ತ ಬಂತು. ತಮಿಳಿನವರು ಒಂದು ಪುಸ್ತಕ ಮಾಡಿದರೆ ನಾವು ಅದನ್ನು ನೋಡೋಣ, ನಾವು ಮಾಡಿದ್ದನ್ನು ಅವರು ನೋಡಲಿ. ಪಿ.ಯು.ಸಿ.ಗೆ ಬರುವ ಕನ್ನಡ ಮಾಧ್ಯಮದ ಮಗುವಿಗೆ ಎರಡೂ ಭಾಷೆಯಲ್ಲಿ ಪುಸ್ತಕ ಕೈಗೆ ಸಿಗಲಿ.

ಐದು: ಹೊರರಾಜ್ಯದಿಂದ ಇಲ್ಲಿಗೆ ಓದಲು ಬಂದವರಿಗೆ ಮೊದಲ ವರ್ಷವೇ ಆಡುಮಾತಿನ ಕನ್ನಡ ಕಲಿಸಲಿ.

ಇದು ಕನ್ನಡಕ್ಕೆ ನಷ್ಟವೇ?

ಕೆಲವರು ಕೇಳಬಹುದು: 'ಹೊರಗಿನವರಿಗೆ ಅವರ ಭಾಷೆಯಲ್ಲೇ ಸಮಾಲೋಚಕರು ಬೇಕು ಅಂತೀರಿ, ಇದು ಕನ್ನಡದ ಹೋರಾಟವೇ?' ಹೌದು, ಇದೂ ಕನ್ನಡದ ಹೋರಾಟವೇ. ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ ಎಷ್ಟೊಂದು ಹೆಣ್ಣುಮಕ್ಕಳು ಬರುತ್ತಾರೆ. ಹದಿನೆಂಟು ವರ್ಷದ ಹುಡುಗಿ, ಮನೆ ಬಿಟ್ಟು ಬಂದಿದ್ದಾಳೆ, ವಾರ್ಡಿನಲ್ಲಿ ರೋಗಿ 'ಹೊಟ್ಟೆ ತೊಳೆಸ್ತಿದೆ ಮಗಾ' ಎಂದರೆ ಅವಳಿಗೆ ಅರ್ಥವಾಗುವುದಿಲ್ಲ. ಕನ್ನಡ ಕಲಿಸಿದರೆ ಅವಳಿಗೂ ಧೈರ್ಯ, ನಮ್ಮ ಅಜ್ಜಿಗೂ ಸಮಾಧಾನ. ಅವಳ ಸಂಕಟವನ್ನು ಅವಳ ನುಡಿಯಲ್ಲಿ ಕೇಳಿಸಿಕೊಂಡ ಊರಿನ ನುಡಿಯನ್ನು ಅವಳು ಪ್ರೀತಿಯಿಂದ ಕಲಿಯುತ್ತಾಳೆ. ಬೈದು ಕಲಿಸಿದ ಭಾಷೆ ನಾಲಗೆ ದಾಟುವುದಿಲ್ಲ.

ಇನ್ನೊಂದು ಮಾತು. 2021ರಲ್ಲಿ ಪದವಿ ತರಗತಿಗೆ ಕನ್ನಡ ಕಡ್ಡಾಯ ಎಂದು ಸರ್ಕಾರ ಆದೇಶ ಮಾಡಿದಾಗ ವಿಷಯ ಹೈಕೋರ್ಟಿನ ಮೆಟ್ಟಿಲೇರಿ ಮುಗ್ಗರಿಸಿತು. ಒಂದು ರಾಜ್ಯದ ಆದೇಶವನ್ನು ಪ್ರಶ್ನಿಸುವುದು ಸುಲಭ. ದಕ್ಷಿಣದ ರಾಜ್ಯಗಳೆಲ್ಲ ಸೇರಿ, 'ನಮ್ಮಲ್ಲಿಗೆ ಓದಲು ಬಂದವರಿಗೆ ನಮ್ಮ ನುಡಿ ಕಲಿಸುತ್ತೇವೆ, ಅವರ ನುಡಿಯನ್ನು ಗೌರವಿಸುತ್ತೇವೆ' ಎಂದು ಒಪ್ಪಂದ ಮಾಡಿಕೊಂಡರೆ ಅದರ ತೂಕವೇ ಬೇರೆ. ಒಂಟಿ ಕನ್ನಡಕ್ಕಿಂತ ನೆಂಟರಿರುವ ಕನ್ನಡ ಗಟ್ಟಿ.

ನಾಳೆಯಿಂದಲೇ

ಮಂತ್ರಿಗಳು ಮಾಡುವುದನ್ನು ಮಂತ್ರಿಗಳು ಮಾಡಲಿ. ನಿಮ್ಮ ಕೈಯಲ್ಲಿ ಏನಿದೆ? ತುಂಬಾ ಇದೆ.

ಈ ವಾರವೇ ನಾಲ್ಕೈದು ಮಂದಿ ಸೇರಿ ನಿಮ್ಮ ಪ್ರಾಂಶುಪಾಲರ ಕೊಠಡಿಗೆ ಹೋಗಿ. ಕನ್ನಡದಲ್ಲಿ ಬರೆದ ಒಂದು ಅರ್ಜಿ ಕೊಡಿ. ಮೂರೇ ಪ್ರಶ್ನೆ. ನಮ್ಮ ಕಾಲೇಜಿನಲ್ಲಿ ಆಪ್ತ ಸಮಾಲೋಚಕರು ಇದ್ದಾರೆಯೇ? ಅವರು ಕನ್ನಡದಲ್ಲಿ ಮಾತಾಡುತ್ತಾರೆಯೇ? 14416 ನಂಬರು ಕನ್ನಡದ ದೊಡ್ಡ ಅಕ್ಷರದಲ್ಲಿ ಎಲ್ಲಿ ಹಾಕಿದ್ದೀರಿ? ಸ್ವೀಕೃತಿ ಸಹಿ ಪಡೆಯದೆ ಹೊರಗೆ ಬರಬೇಡಿ. ಉತ್ತರ ಬಾರದಿದ್ದರೆ ಸರ್ಕಾರಿ ಕಾಲೇಜಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಖಾಸಗಿ ಕಾಲೇಜಾದರೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಸುಪ್ರೀಂ ಕೋರ್ಟಿನ ತೀರ್ಪಿನ ತಾರೀಖು ಹೇಳಿ. ಗಲಾಟೆ ಬೇಡ, ಕಲ್ಲು ಬೇಡ, ಕಾಗದ ಸಾಕು.

ಇನ್ನೊಂದು ಕೆಲಸಕ್ಕೆ ಅರ್ಜಿಯೂ ಬೇಡ. ನಿಮ್ಮ ಹಾಸ್ಟೆಲಿನಲ್ಲಿ ಊಟಕ್ಕೆ ಬಾರದವನು, ಫೋನೆತ್ತದವನು, ಸದಾ ನಗುತ್ತಿದ್ದು ಈಗ ಸುಮ್ಮನಾದವನು ಇದ್ದರೆ ಹೋಗಿ ಪಕ್ಕ ಕೂರಿ. ಅವನ ಊರು ಸೊರಬವೋ ಸೇಲಮ್ಮೋ ಕೇಳಬೇಡಿ. 'ಊಟ ಆಯ್ತೇನೋ?' ಎಂದು ಕೇಳಿ. ಉಪದೇಶ ಬೇಡ, ಅವನು ಹೇಳುವುದನ್ನು ಕೇಳಿಸಿಕೊಳ್ಳಿ. ಜೀವದ ಮೇಲೆ ಆಸೆ ಬಿಟ್ಟಂತೆ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ. 14416ಕ್ಕೆ ಕರೆ ಮಾಡಿ, ಇಲ್ಲವೇ ಮೆಗ್ಗಾನ್ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ಗೆಳೆಯರೇ, ಕನ್ನಡ ಉಳಿಯಬೇಕು ಎನ್ನುತ್ತೇವೆ. ಕನ್ನಡ ಉಳಿಯುವುದು ಆಡುವವರು ಉಳಿದರೆ ಮಾತ್ರ. ಹುಡುಗನೊಬ್ಬ ಬಾಯಿಬಿಟ್ಟು ತನ್ನ ನೋವು ಹೇಳಿಕೊಳ್ಳಲಾಗದ ವಿಶ್ವವಿದ್ಯಾಲಯದ ಮೇಲೆ ಎಷ್ಟು ದೊಡ್ಡ ಕನ್ನಡ ಬೋರ್ಡು ಹಾಕಿದರೇನು ಬಂತು? ಬೋರ್ಡಿಗೂ ಹೋರಾಡೋಣ, ಬೋರ್ಡಿನ ಕೆಳಗೆ ನಿಂತ ಹುಡುಗನಿಗೂ ಹೋರಾಡೋಣ. ನೆರೆಯವರ ಕೈ ಹಿಡಿದೇ ಹೋರಾಡೋಣ.

ಜೈ ಕನ್ನಡ!